ಮಂಡ್ಯದಲ್ಲಿ ಕೂತು ಸಮುದ್ರದೊಳಗೆ ಕ್ಯಾಮೆರಾ ಹಿಡಿಯೋದು: ದುಡ್ಡು ಹಾಕಲಾ, ಬೇಡವಾ?

ಕಬ್ಬಿನಗದ್ದೆ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಪಾಂಡವಪುರದ ಹತ್ತಿರ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ ಮುಗಿಸಿದ್ದೇನೆ. ಸಮುದ್ರ ನೋಡಿರುವುದು ಎರಡೇ ಸಲ. ಕಾಲೇಜು ಟೂರಿನಲ್ಲಿ ಮುರುಡೇಶ್ವರ, ಆಮೇಲೆ ಧರ್ಮಸ್ಥಳಕ್ಕೆ ಹೋದವರು ಹಾಗೇ ಮಂಗಳೂರಿಗೆ. ಆದರೂ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿದೆ. ನೀರೊಳಗೆ ಹೋಗಿ ಅಲ್ಲಿರುವ ಜೀವಿಗಳ ಫೋಟೋ, ವಿಡಿಯೋ ಮಾಡಬೇಕು. ಈ ವರ್ಷ ಬೆಲ್ಲದ ದುಡ್ಡಲ್ಲಿ ಸ್ವಲ್ಪ ಕೊಡುತ್ತೇನೆ ಅಂತ ಅಪ್ಪ ಒಪ್ಪಿದ್ದಾರೆ. ಅದರಲ್ಲಿ ಕ್ಯಾಮೆರಾ ಮತ್ತು ಅದಕ್ಕೆ ನೀರು ಹೋಗದ ಪೆಟ್ಟಿಗೆ, ಅಂದರೆ ಹೌಸಿಂಗ್, ತಗೊಳ್ಳೋಣ ಅಂತ ಇದ್ದೇನೆ. ಯಾವ ಮಾಡೆಲ್ ಒಳ್ಳೆಯದು? ಈಜು ಬರುತ್ತೆ, ನಾಲೆಯಲ್ಲಿ ಕಲಿತಿದ್ದು.

ಮದ್ದೂರು ವಡೆ:
ಗುರು, ಮೊದಲು ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ನಾಲೆಯಲ್ಲಿ ತೇಲಿ ಬರುವ ಚಪ್ಪಲಿಗಳ ಮೇಲೆ ಒಂದು ಡಾಕ್ಯುಮೆಂಟರಿ ಮಾಡು. ವನ್ಯಜೀವಿ ಅಲ್ಲದಿದ್ದರೂ ವಲಸೆ ಅಂತೂ ಹೌದು.

ಲೆನ್ಸ್ ಹುಚ್ಚ:
ವಡೆ ಮಾತು ಬಿಡಿ. ಹೌಸಿಂಗ್‌ಗೇ ಕ್ಯಾಮೆರಾದಷ್ಟು ದುಡ್ಡು ಆಗುತ್ತದೆ, ಕೆಲವು ಸಲ ಜಾಸ್ತಿ. ಅದೂ ಒಂದು ಮಾಡೆಲ್‌ಗೆ ಮಾಡಿದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕ್ಯಾಮೆರಾ ಬದಲಾಯಿಸಿದರೆ ಹೌಸಿಂಗ್ ಮೂಲೆಗೆ. ಅಗಲದ ದೃಶ್ಯಕ್ಕೆ ಅರ್ಧ ಚೆಂಡಿನ ಆಕಾರದ ಡೋಮ್ ಗಾಜು ಬೇಕು, ಚಿಕ್ಕ ಜೀವಿಗಳಿಗೆ ಚಪ್ಪಟೆ ಗಾಜು ಸಾಕು. ಆಮೇಲೆ ಫೋಟೋಗೆ ಎರಡು ಸ್ಟ್ರೋಬ್ (ಫ್ಲಾಶ್ ದೀಪ), ವಿಡಿಯೋಗೆ ಬೇರೆ ದೀಪ. ಲೆಕ್ಕ ಹಾಕಿಕೊಂಡು ಇಳಿಯಿರಿ. ನಾನು ದಡದ ಮೇಲೇ ಸುಖವಾಗಿದ್ದೇನೆ.

ನೀರುಕಾಗೆ:
ಕಬ್ಬಿನಗದ್ದೆ, ನಾನು ಶ್ರೀರಂಗಪಟ್ಟಣದವಳು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದೆ. ಈಗ ಹವಳದ ದಿಬ್ಬಗಳ ಮೇಲೆ ಕೆಲಸ, ಜಾಸ್ತಿ ಅಂಡಮಾನ್ ಕಡೆ. ಕೆಲಸದ ಜೊತೆಗೇ ಫೋಟೋ, ವಿಡಿಯೋ. ನೇರವಾಗಿ ಹೇಳಿಬಿಡುತ್ತೇನೆ, ಈ ವರ್ಷ ಕ್ಯಾಮೆರಾ ತಗೋಬೇಡಿ.

ಬೇಜಾರಾಗಬೇಡಿ. ನೀರಿಗೆ ಇಳಿದ ಮೊದಲ ದಿನಗಳಲ್ಲಿ ನಿಮ್ಮ ಎರಡು ಕೈಯೂ ಎಲ್ಲೆಲ್ಲೋ ಇರುತ್ತವೆ. ಮಾಸ್ಕ್‌ಗೆ ನೀರು ನುಗ್ಗುತ್ತೆ, ಕಿವಿ ಒತ್ತುತ್ತೆ, ಕಾಲು ಸುಮ್ನೆ ಬಡಿಯುತ್ತೆ. ಅಂಥ ಹೊತ್ತಲ್ಲಿ ಕೈಗೆ ಕ್ಯಾಮೆರಾ ಕೊಟ್ಟರೆ ಎರಡು ಅನಾಹುತ. ಒಂದು, ಬೆನ್ನಿನ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ನೋಡುವುದನ್ನು ಮರೆಯುತ್ತೀರಿ. ಇನ್ನೊಂದು, ಹವಳದ ಮೇಲೆ ಮೊಣಕಾಲು ಊರುತ್ತೀರಿ. ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಒಂದು ಮೊಣಕಾಲಿಗೆ ಅದರ ಎಷ್ಟು ವರ್ಷ ಹೋಯಿತು, ನೀವೇ ಲೆಕ್ಕ ಹಾಕಿ.

ಮೊದಲು ಕಲಿಯಬೇಕಾದ್ದು ನೀರಿನ ನಡುವೆ ಮೇಲೂ ಹೋಗದೆ ಕೆಳಗೂ ಹೋಗದೆ ನಿಲ್ಲುವುದು. ಅಷ್ಟು ಹೊತ್ತಿಗೆ ಶ್ವಾಸಕೋಶವೇ ನಿಮ್ಮ ಲಿಫ್ಟ್. ಉಸಿರು ಎಳೆದರೆ ಗೇಣುದ್ದ ಮೇಲೆ, ಬಿಟ್ಟರೆ ಗೇಣುದ್ದ ಕೆಳಗೆ. ಇದು ಬಂದ ಮೇಲೆ ಕ್ಯಾಮೆರಾ ಮಾತು.

ಬೆಳಕಿನ ಕಥೆ ಬೇರೆ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ. ಇನ್ನೂ ಇಳಿದರೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿ. ಒಂದು ಸಲ ಹದಿನೈದು ಮೀಟರ್ ಆಳದಲ್ಲಿ ನನ್ನ ಬೆರಳು ಕೊಯ್ದು ರಕ್ತ ಬಂತು. ಕಪ್ಪು-ಹಸಿರು ಶಾಯಿ ಕಂಡ ಹಾಗಿತ್ತು. ಕೆಂಪು ಅಂತ ಗೊತ್ತಾಗಿದ್ದು ದೋಣಿಗೆ ಬಂದ ಮೇಲೆ. ಹೊಸಬರಿಗೆ ತಿಳಿಯದ ಸಂಗತಿ ಏನೆಂದರೆ, ಲೆಕ್ಕಕ್ಕೆ ಬರುವುದು ಆಳ ಮಾತ್ರ ಅಲ್ಲ. ನಿಮಗೂ ಮೀನಿಗೂ ನಡುವೆ ಇರುವ ನೀರೂ ಬಣ್ಣ ತಿನ್ನುತ್ತದೆ. ಎಷ್ಟೇ ದೊಡ್ಡ ದೀಪ ಇರಲಿ, ಹತ್ತಿರ ಹೋಗದೆ ಬಣ್ಣ ಇಲ್ಲ. ಕಾಡಿನಲ್ಲಿ ದೊಡ್ಡ ಲೆನ್ಸ್ ಹಾಕಿ ದೂರ ನಿಲ್ಲಬಹುದು. ನೀರಲ್ಲಿ ಆ ದಾರಿ ಇಲ್ಲ. ಮೀನು ನಿಮ್ಮನ್ನು ಒಂದು ಮೊಳದಷ್ಟು ಹತ್ತಿರ ಬಿಟ್ಟುಕೊಳ್ಳಬೇಕು. ಅದು ಬಿಟ್ಟುಕೊಳ್ಳಬೇಕಾದರೆ ಅದರ ಸ್ವಭಾವ ನಿಮಗೆ ಗೊತ್ತಿರಬೇಕು.

ಸಯ್ಯಾಜಿರಾವ್ ರೋಡ್:
ಮೇಡಂ, ನಾನು ಮೈಸೂರಲ್ಲಿ ಮದುವೆ ವಿಡಿಯೋ ಮಾಡುವವನು. ಇಪ್ಪತ್ತು ವರ್ಷ ಆಯ್ತು. ಸುಮ್ನೆ ಕುತೂಹಲ. ದೀಪ ಕ್ಯಾಮೆರಾ ಮೇಲೇ ಕೂರಿಸಿದರೆ ಆಗಲ್ವಾ? ನಾವು ಛತ್ರದಲ್ಲಿ ಹಾಗೇ ಮಾಡುತ್ತೇವೆ.

ನೀರುಕಾಗೆ:
ಸಾರ್, ಮಂಜು ಬಿದ್ದ ಬೆಳಗ್ಗೆ ಬೈಕ್‌ನಲ್ಲಿ ಹೈ ಬೀಮ್ ಹಾಕಿ ಹೋಗಿದ್ದೀರಾ? ರಸ್ತೆ ಕಾಣದೆ ಬರೀ ಬಿಳಿ ಕಾಣುತ್ತಲ್ಲ, ಅದೇ. ನೀರಲ್ಲಿ ತೇಲುವ ಕಣಗಳಿಗೆಲ್ಲ ಬೆಳಕು ಬಿದ್ದು ಅದು ನೇರ ಲೆನ್ಸಿಗೆ ವಾಪಸ್ ಬರುತ್ತದೆ. ಫೋಟೋ ಮೇಲೆ ರವೆ ಚೆಲ್ಲಿದ ಹಾಗಿರುತ್ತದೆ. ಅದಕ್ಕೇ ಸ್ಟ್ರೋಬ್‌ಗಳನ್ನು ಉದ್ದನೆಯ ತೋಳುಗಳ ಮೇಲೆ ಆ ಕಡೆ ಈ ಕಡೆ ದೂರ ಇಡುವುದು. ನೀರೊಳಗಿನ ಫೋಟೋಗ್ರಾಫರ್ ದೊಡ್ಡ ಏಡಿ ಹಾಗೆ ಕಾಣುವುದೂ ಅದಕ್ಕೇ.

ಕುಕ್ಕರಹಳ್ಳಿ ವಾಕರ್:
ಈ ಕಸುಬು ಶುರುವಾಗಿದ್ದೇ ಜೀವಶಾಸ್ತ್ರದವರಿಂದ ಅನ್ನುವುದು ಇಲ್ಲಿ ಎಷ್ಟು ಜನಕ್ಕೆ ಗೊತ್ತೋ. ಫ್ರಾನ್ಸಿನ ಲೂಯಿ ಬೂತಾನ್ ಅನ್ನುವ ಪ್ರಾಣಿಶಾಸ್ತ್ರಜ್ಞ 1893ರಲ್ಲಿ ಬನ್ಯೂಲ್ಸ್ ಅನ್ನುವ ಕಡಲೂರಿನಲ್ಲಿ ನೀರೊಳಗೆ ಕ್ಯಾಮೆರಾ ಇಳಿಸಿದ. ಆ ಪೆಟ್ಟಿಗೆ ಮಾಡಿಕೊಟ್ಟಿದ್ದು ಅವನ ತಮ್ಮನೋ ಅಣ್ಣನೋ, ಅಂತೂ ಮನೆಯವರೇ. ಒಂದು ಚಿತ್ರಕ್ಕೆ ಅರ್ಧ ಗಂಟೆ ತನಕ ಬೆಳಕು ಬಿಡಬೇಕಾಗುತ್ತಿತ್ತಂತೆ. ಅಷ್ಟು ಹೊತ್ತು ಯಾವ ಮೀನು ನಿಲ್ಲುತ್ತೆ? ನಾನು ಇಲ್ಲಿ ಕೆರೆ ದಂಡೆಯಲ್ಲಿ ಮಿಂಚುಳ್ಳಿ ಮೂರು ಸೆಕೆಂಡು ನಿಂತರೆ ದೇವರಿಗೆ ಕೈ ಮುಗಿಯುತ್ತೇನೆ.

ನೀರುಕಾಗೆ:
ಆಹಾ, ಇದನ್ನು ತಂದಿರಲ್ಲ ಸಾರ್! ಇನ್ನೊಂದು ಸೇರಿಸುತ್ತೇನೆ. ನೀರೊಳಗಿನ ಮೊದಲ ಬಣ್ಣದ ಫೋಟೋ 1926ರದ್ದು, ಅಮೆರಿಕದ ಫ್ಲಾರಿಡಾ ದ್ವೀಪಗಳ ಹತ್ತಿರ. ವಿಲಿಯಂ ಲಾಂಗ್ಲಿ ಅನ್ನುವ ಮೀನುಶಾಸ್ತ್ರಜ್ಞ, ಚಾರ್ಲ್ಸ್ ಮಾರ್ಟಿನ್ ಅನ್ನುವ ಫೋಟೋಗ್ರಾಫರ್ ಸೇರಿ ತೆಗೆದಿದ್ದು. ಬೆಳಕಿಗೆ ಏನು ಮಾಡಿದರು ಗೊತ್ತಾ? ನೀರಿನ ಮೇಲೆ ತೆಪ್ಪ ಬಿಟ್ಟು, ಅದರ ಮೇಲೆ ಮೆಗ್ನೀಸಿಯಂ ಪುಡಿ ಸುಟ್ಟರು. ಕೆಳಗೆ ಲಾಂಗ್ಲಿ, ಮೇಲೆ ಮದ್ದು. ಈಗಿನ ಕಾಲದಲ್ಲಿ ಯಾವ ಅಮ್ಮನೂ ಅನುಮತಿ ಕೊಡುವುದಿಲ್ಲ.

ಹುಡುಗನ ಅಮ್ಮ:
ಅಮ್ಮಂದಿರ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗನೂ ಇಂಥದ್ದೇ ಹಿಡಿದಿದ್ದಾನೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ ಅದೇ ರಾತ್ರಿ ಬಸ್ಸಿಗೆ ವಾಪಸ್ ಬರುತ್ತಾನಂತೆ. ಇದೆಲ್ಲ ಅಪಾಯ ಅಲ್ವಾ ತಾಯಿ?

ನೀರುಕಾಗೆ:
ಅಮ್ಮ, ಸರಿಯಾದವರ ಹತ್ತಿರ ಕಲಿತರೆ ಭಯ ಪಡುವಂಥದ್ದಲ್ಲ. ಆರಂಭದ ಕೋರ್ಸ್ ಮಾಡಿದವರಿಗೆ 18 ಮೀಟರ್ ಮಿತಿ. ಅಸ್ತಮಾ, ಕಿವಿ ತೊಂದರೆ ಏನಾದರೂ ಇದ್ದರೆ ಮುಚ್ಚಿಡದೆ ಫಾರಂನಲ್ಲಿ ಬರೆಯಬೇಕು, ಡಾಕ್ಟರನ್ನು ಕೇಳಬೇಕು.

ಆದರೆ ನೀವು ಹೇಳಿದ ರಾತ್ರಿ ಬಸ್ಸಿನ ವಿಷಯ ಇದೆಯಲ್ಲ, ಅದನ್ನು ನಿಜವಾಗಿಯೂ ನಿಲ್ಲಿಸಿ. ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಮಾಡಿದ್ದರೆ 18 ಗಂಟೆ ಕಾಯಬೇಕು. ಮೈಯಲ್ಲಿ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ಬೇಗ ಮೇಲೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ನಮ್ಮವರು ಮರೆಯುವುದು ಏನೆಂದರೆ, ಘಟ್ಟವೂ ಎತ್ತರವೇ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಕರಾವಳಿಯವರು ಡೈವ್ ಮುಗಿಸಿ ಮನೆಗೆ ಹೋಗಿ ಮಲಗುತ್ತಾರೆ. ನಾವು ಘಟ್ಟ ಹತ್ತಬೇಕು. ಆ ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಊಟ ಮಾಡಿಕೊಂಡು ಹೊರಡಲಿ. ಅಂದಹಾಗೆ ಈಗ ಮಳೆಗಾಲ, ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ದಡದಿಂದ ಸುಮಾರು 19 ಕಿ.ಮೀ. ಒಳಗೆ ಇದೆ ಅದು. ಅಕ್ಟೋಬರ್ ಹೊತ್ತಿಗೆ ಮತ್ತೆ ಶುರು.

ಹುಡುಗನ ಅಮ್ಮ:
ಇದನ್ನೇ ಅವನಿಗೆ ಕಳಿಸಿದೆ. "ಯಾರಮ್ಮ ಇವರು" ಅಂದ. ಒಂದು ರಾತ್ರಿ ಉಳಿಯುತ್ತಾನಂತೆ.

ಕಬ್ಬಿನಗದ್ದೆ:
ಅಕ್ಕ, ಎಲ್ಲ ಸರಿ. ಆದರೆ ಅಕ್ಟೋಬರ್ ತನಕ ನಾನು ಏನು ಮಾಡಲಿ? ಗದ್ದೆಗೆ ನೀರು ಕಟ್ಟುತ್ತಾ ಕೂರಲಾ?

ನೀರುಕಾಗೆ:
ಕುಕ್ಕರಹಳ್ಳಿ ವಾಕರ್ ಜೊತೆ ಹೋಗಿ ಕೂರಿ. ತಮಾಷೆ ಅಲ್ಲ. ನನ್ನ ಈ ಹೆಸರು ಎಲ್ಲಿಂದ ಬಂತು ಅಂದುಕೊಂಡಿರಿ? ಚಿಕ್ಕವಳಿದ್ದಾಗ ನದಿ ದಂಡೆಯಲ್ಲಿ ಕೂತು ನೀರುಕಾಗೆ ಮುಳುಗಿದ ಮೇಲೆ ಎಲ್ಲಿ ಏಳುತ್ತೆ ಅಂತ ತಮ್ಮನ ಜೊತೆ ಬಾಜಿ ಕಟ್ಟುತ್ತಿದ್ದೆ. ಮೊದಮೊದಲು ಎಲ್ಲ ಸೋತೆ. ಆಮೇಲೆ ಗಮನಿಸಿದೆ, ಅದು ಮುಳುಗುವ ಮುಂಚೆ ಕೊಕ್ಕು ಯಾವ ಕಡೆ ತಿರುಗಿಸುತ್ತೆ, ನೀರಿನ ಸೆಳೆತ ಯಾವ ಕಡೆ, ಹಿಂದಿನ ಸಲ ಎಷ್ಟು ಹೊತ್ತು ಒಳಗಿತ್ತು. ಈಗ ಆಮೆ ಉಸಿರಿಗೆ ಮೇಲೆ ಬರುವ ಜಾಗ ಊಹಿಸುವಾಗ ಅದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ರಂಗನತಿಟ್ಟಿಗೆ ಹೋಗಿ. ಬಣ್ಣದ ಕೊಕ್ಕರೆ ಮೇಯುವುದನ್ನು ನೋಡಿ. ಕೊಕ್ಕು ಅರ್ಧ ತೆರೆದು ನೀರಲ್ಲಿ ಇಟ್ಟು, ಕಾಲಿಂದ ಕೆಸರು ಕಲಕುತ್ತದೆ. ಮೀನು ಕಾಣಬೇಕಿಲ್ಲ, ಕೊಕ್ಕಿಗೆ ತಾಗಿದರೆ ಸಾಕು, ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಈ ಕಾಲು ಕಲಕುವುದನ್ನು ಗಮನಿಸಿದವನು ಕ್ಯಾಮೆರಾ ಎಲ್ಲಿ ಇಡಬೇಕು ಅಂತ ಮುಂಚೆಯೇ ತಿಳಿದಿರುತ್ತಾನೆ. ಗಮನಿಸದವನು ಮೀನು ನುಂಗಿದ ಮೇಲೆ ಕ್ಲಿಕ್ ಮಾಡುತ್ತಾನೆ.

ಕುಕ್ಕರಹಳ್ಳಿ ವಾಕರ್:
ಬೆಳಗ್ಗೆ ಆರಕ್ಕೆ ಬಾರಪ್ಪ. ಫಿಲ್ಟರ್ ಕಾಫಿ ಫ್ಲಾಸ್ಕ್‌ನಲ್ಲಿ ತರುತ್ತೇನೆ. ಮೊಬೈಲ್ ಜೇಬಲ್ಲೇ ಇರಲಿ. ಇನ್ನೊಂದು ಮಾತು, ವನ್ಯಜೀವಿ ಚಿತ್ರ ಮಾಡುವ ನಮ್ಮ ಮೈಸೂರಿನ ಕೃಪಾಕರ-ಸೇನಾನಿ ಸೀಳುನಾಯಿಗಳ ಹಿಂದೆ ಎಷ್ಟು ವರ್ಷ ಅಲೆದರು ಅಂತ ತಿಳಿದುಕೋ. ಸಮುದ್ರ ಆದರೇನು, ಬಂಡೀಪುರ ಆದರೇನು, ಕಾಯುವುದು ಒಂದೇ.

ಬೆಳ್ಳೂರಿನ ಹುಡುಗಿ:
ಕೊಕ್ಕರೆ ಬೆಳ್ಳೂರು ನಮ್ಮೂರು. ಒಂದು ಹೊಟ್ಟೆ ಉರಿ ಹೇಳಿಕೊಳ್ಳುತ್ತೇನೆ. ನಮ್ಮ ಹಿತ್ತಲಿನ ಹುಣಸೆ ಮರದ ಮೇಲೇ ಹೆಜ್ಜಾರ್ಲೆ, ಕೊಕ್ಕರೆ ಗೂಡು ಕಟ್ಟುತ್ತವೆ. ಗೂಡಿಂದ ಬಿದ್ದ ಮರಿಗಳನ್ನು ಊರವರೇ ಸಾಕಿ ಬಿಟ್ಟಿದ್ದಾರೆ. ಹೋದ ಸೀಸನ್‌ನಲ್ಲಿ ಒಂದು ಗುಂಪು ಬಂತು, ಒಬ್ಬೊಬ್ಬರ ಹೆಗಲಲ್ಲೂ ಫಿರಂಗಿಯಂಥ ಲೆನ್ಸ್. ಹಕ್ಕಿ ಹಾರುವ ಫೋಟೋ ಬೇಕು ಅಂತ ಚಪ್ಪಾಳೆ ಹೊಡೆದರು. ಹಾರಲಿಲ್ಲ. ನಮ್ಮ ಹಕ್ಕಿಗಳಿಗೆ ಟ್ರ್ಯಾಕ್ಟರ್ ಸದ್ದೇ ಲೆಕ್ಕಕ್ಕಿಲ್ಲ. ಆಮೇಲೆ ಒಬ್ಬ ಕಲ್ಲು ಎತ್ತಿಕೊಂಡ. ನಮ್ಮಜ್ಜಿ ಕಸಪೊರಕೆ ಹಿಡಿದು ಹೊರಗೆ ಬಂದಳು. ಆ ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ.

ಮದ್ದೂರು ವಡೆ:
ಅಜ್ಜಿಗೆ ನನ್ನ ಕಡೆಯಿಂದ ಎರಡು ವಡೆ.

ಸಯ್ಯಾಜಿರಾವ್ ರೋಡ್:
ಕಲ್ಲು ಎತ್ತಿದ್ದು ತಪ್ಪೇ. ಆದರೆ ಒಂದು ಕೇಳುತ್ತೇನೆ. ನಾವು ಮದುವೆಯಲ್ಲಿ ಧಾರೆ ಮುಗಿದ ಮೇಲೂ "ಇನ್ನೊಂದು ಸಲ ಕೈ ಹಿಡಿಯಿರಿ" ಅನ್ನುತ್ತೇವೆ. ಮದುವೆ ಸುಳ್ಳಾಗುತ್ತಾ? ಪ್ರಾಣಿಗೆ ನೋವಾಗದ ಹಾಗೆ ಸ್ವಲ್ಪ ಜೋಡಿಸಿಕೊಂಡರೆ ಏನು ತಪ್ಪು?

ನೀರುಕಾಗೆ:
ಇದಕ್ಕೆ ಉತ್ತರ ಬರೆಯಲು ನನಗೆ ನಾಚಿಕೆ ಆಗುತ್ತೆ ಸಾರ್, ಯಾಕೆಂದರೆ ನಾನೇ ಮಾಡಿದ್ದೇನೆ. ಶುರುವಿನ ದಿನಗಳು. ಹೆಬ್ಬೆರಳಿನ ಉಗುರಿನಷ್ಟು ಒಂದು ಕಡಲ ಬಸವನಹುಳು, ಚಿಪ್ಪಿಲ್ಲದ್ದು, ಮೈಯೆಲ್ಲ ನೀಲಿ ಗೆರೆ. ಕೂತಿದ್ದು ಮಾಸಲು ಬಣ್ಣದ ಸ್ಪಂಜಿನ ಮೇಲೆ. ಪಕ್ಕದಲ್ಲೇ ಕಡುಗೆಂಪು ಸ್ಪಂಜು ಇತ್ತು. ಕಡ್ಡಿಯಿಂದ ಮೆಲ್ಲಗೆ ಎತ್ತಿ ಕೆಂಪಿನ ಮೇಲೆ ಇಟ್ಟೆ. ಫೋಟೋ ಏನು ಚೆಂದ ಬಂತು ಅಂತೀರಿ! ಎಲ್ಲರೂ ಹೊಗಳಿದರು. ಒಬ್ಬ ಹಿರಿಯ ಸಂಶೋಧಕರು ಮಾತ್ರ ಕೇಳಿದರು, "ಇದು ಈ ಸ್ಪಂಜನ್ನೂ ತಿನ್ನುತ್ತಾ? ನನಗೆ ಗೊತ್ತಿರಲಿಲ್ಲವಲ್ಲ."

ಇಂಥ ಹುಳುಗಳಲ್ಲಿ ಎಷ್ಟೋ ಜಾತಿ ಒಂದೆರಡು ಬಗೆಯ ಸ್ಪಂಜು ಬಿಟ್ಟು ಬೇರೆ ಮುಟ್ಟುವುದಿಲ್ಲ. ಎಲ್ಲಿ ಕೂತಿದೆ ಅನ್ನುವುದೇ ಅದರ ಊಟದ ದಾಖಲೆ. ನಾನು ಕೊಟ್ಟಿದ್ದು ಸುಳ್ಳು ದಾಖಲೆ. ಹುಳುವಿಗೆ ನೋವಾಯಿತೋ ಇಲ್ಲವೋ, ಆ ಫೋಟೋ ನೋಡಿ ಟಿಪ್ಪಣಿ ಬರೆಯುವವರಿಗೆ ಮೋಸ ಆಗುತ್ತಿತ್ತು. ಅವರಿಗೆ ನಿಜ ಹೇಳಿದೆ. ಅವರು ಏನೂ ಬಯ್ಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಧಾರೆ ಎರಡು ಸಲ ಎರೆದರೆ ಗಂಡ-ಹೆಂಡತಿ ಬದಲಾಗುವುದಿಲ್ಲ ಸಾರ್. ಇಲ್ಲಿ ನಾನು ಹುಳುವನ್ನು ಬೇರೆಯವರ ಮನೆಗೆ ಕೂರಿಸಿದ್ದೆ.

ಲೆನ್ಸ್ ಹುಚ್ಚ:
ಹಾಗಾದರೆ ಫೋಟೋ ಅಂದರೆ ನಿಮಗೆ ಬರೀ ದಾಖಲೆಯಾ? ಚೆಂದ ಬೇಡವಾ?

ನೀರುಕಾಗೆ:
ಚೆಂದ ಬೇಡ ಅಂದವರಾರು? ಒಂದು ಉದಾಹರಣೆ ಕೊಡುತ್ತೇನೆ. ತಿಮಿಂಗಿಲ ಶಾರ್ಕ್ ಮೈ ಮೇಲೆ ಬಿಳಿ ಚುಕ್ಕೆಗಳಿರುತ್ತವೆ, ಒಂದರದ್ದು ಇನ್ನೊಂದಕ್ಕಿಲ್ಲ. ನಮ್ಮ ಬೆರಳಚ್ಚಿನ ಹಾಗೆ. ಎರಡು ಫೋಟೋಗಳ ಚುಕ್ಕೆ ಹೋಲಿಸಲು ಬಳಸುವ ಲೆಕ್ಕ ಮೂಲದಲ್ಲಿ ಆಕಾಶದ ನಕ್ಷತ್ರಗಳನ್ನು ಹೋಲಿಸಲು ಮಾಡಿದ್ದು. ರಜೆಗೆ ಬಂದ ಯಾರೋ ತೆಗೆದ ಫೋಟೋದಿಂದ ಆ ಶಾರ್ಕ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಕಿವಿರಿನ ಹಿಂದಿನ ಪಕ್ಕೆ ಸ್ಪಷ್ಟವಾಗಿರಬೇಕು, ಅಷ್ಟೇ. ಅದು ಚೆಂದವೂ ಇದ್ದರೆ ಗೋಡೆಗೆ ಹಾಕಿಕೊಳ್ಳಿ.

ವಿಡಿಯೋಗೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ನಾನು ಕೋಡಂಗಿ ಮೀನಿನ ಒಂದು ಸಂಸಾರವನ್ನು ಹಿಂಬಾಲಿಸಿದ್ದೆ. ಅವುಗಳ ಮನೆ ಹೂವಿನ ಹಾಗೆ ಕಾಣುವ ಅನಿಮೋನಿ ಅನ್ನುವ ಪ್ರಾಣಿ, ಅದರ ಬುಡದ ಕಲ್ಲಿಗೆ ಮೊಟ್ಟೆ ಅಂಟಿಸಿರುತ್ತವೆ. ಮೊದಲ ದಿನ ಮೊಟ್ಟೆ ಕಿತ್ತಳೆ ಬಣ್ಣ, ಕೇಸರಿಬಾತ್ ಚೆಲ್ಲಿದ ಹಾಗೆ. ನೋಡಿಕೊಳ್ಳುವುದು ಗಂಡು. ದಿನವಿಡೀ ರೆಕ್ಕೆಯಿಂದ ಗಾಳಿ ಹಾಕುವ ಹಾಗೆ ನೀರು ಬೀಸುತ್ತದೆ, ಕೆಟ್ಟ ಮೊಟ್ಟೆ ಬಾಯಲ್ಲಿ ಕಿತ್ತು ಹಾಕುತ್ತದೆ. ದಿನ ಕಳೆದಂತೆ ಕಿತ್ತಳೆ ಹೋಗಿ, ಪ್ರತಿ ಮೊಟ್ಟೆಯಲ್ಲೂ ಎರಡೆರಡು ಬೆಳ್ಳಿ ಚುಕ್ಕೆ. ಅವು ಕಣ್ಣು. ನೂರಾರು ಜೋಡಿ ಕಣ್ಣು ನಿಮ್ಮನ್ನೇ ನೋಡುತ್ತಿರುತ್ತವೆ. ಕಣ್ಣು ಹೊಳೆಯಿತು ಅಂದರೆ ಒಡೆಯುವ ದಿನ ಹತ್ತಿರ, ಅದೂ ಕತ್ತಲಾದ ಮೇಲೆ. ಎರಡು ರಾತ್ರಿ ಕಾದೆ. ನನ್ನ ದೀಪ ಜೋರಾದರೆ ಆ ಗಂಡು ಬೀಸುವುದನ್ನೇ ನಿಲ್ಲಿಸುತ್ತಿತ್ತು. ಹಾಗಾಗಿ ದೀಪ ತಗ್ಗಿಸಿ, ಆಮೇಲೆ ಆರಿಸಿ ಕೂತೆ. ಮೂರನೇ ರಾತ್ರಿ ಹೋಗುವಷ್ಟರಲ್ಲಿ ಕಲ್ಲು ಖಾಲಿ. ಅಂದು ಹಗಲಲ್ಲಿ ನೋಡಿದ್ದ ಮೊಟ್ಟೆಗಳು ನಾನು ದೋಣಿಯಲ್ಲಿ ಚಹಾ ಕುಡಿಯುವಾಗ ಒಡೆದಿದ್ದವು. ಇವತ್ತಿಗೂ ಆ ದೃಶ್ಯ ನನ್ನ ಹತ್ತಿರ ಇಲ್ಲ.

ಸಯ್ಯಾಜಿರಾವ್ ರೋಡ್:
ಅಯ್ಯೋ! ತಾಳಿ ಕಟ್ಟುವಾಗ ಬ್ಯಾಟರಿ ಹೋದ ಹಾಗೆ. ನನಗೂ ಒಂದು ಸಲ ಆಗಿದೆ, ಹೇಳುವುದಿಲ್ಲ. ಶಬ್ದ ಏನು ಮಾಡುತ್ತೀರಿ ಮೇಡಂ? ನೀರೊಳಗೆ ಮೌನ ಅಲ್ವಾ?

ನೀರುಕಾಗೆ:
ಮೌನನಾ! ಹವಳದ ದಿಬ್ಬದಲ್ಲಿ ಇಳಿದರೆ ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ನಿಲ್ಲುವುದೇ ಇಲ್ಲ. ಒಂದು ಜಾತಿ ಸಿಗಡಿ ಕೊಂಡಿ ಹೊಡೆಯುವ ಸದ್ದು ಅದು. ಆದರೆ ಯಾವ ಕಡೆಯಿಂದ ಅಂತ ಕಿವಿಗೆ ತಿಳಿಯುವುದಿಲ್ಲ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಎರಡು ಕಿವಿಗೂ ಒಟ್ಟಿಗೇ ಬಂದ ಹಾಗಾಗುತ್ತದೆ. ಜೊತೆಗೆ ನನ್ನದೇ ಉಸಿರಿನ ಗುಳ್ಳೆ ಸದ್ದು ಎಲ್ಲದರ ಮೇಲೆ. ಅದಕ್ಕೇ ತೆರೆ ಮೇಲೆ ನೀವು ಕೇಳುವ ಮೀನಿನ ರೆಕ್ಕೆಯ ಸದ್ದು ಬಹುಪಾಲು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಅಲ್ಲಿ ಸ್ವಲ್ಪ ಜೋಡಿಸುತ್ತೇವೆ ಸಾರ್, ಒಪ್ಪಿಕೊಂಡೆ.

ಲೆನ್ಸ್ ಹುಚ್ಚ:
ಕ್ಯಾಮೆರಾ ಮುಳುಗಿಸಿದ್ದೀರಾ ಎಂದಾದರೂ?

ನೀರುಕಾಗೆ:
ಒಂದು. ಹೌಸಿಂಗ್ ಮುಚ್ಚಳದ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ನನ್ನದೇ ಒಂದು ಕೂದಲು. ಬೆಳಗ್ಗೆ ಕತ್ತಲಲ್ಲಿ, ಅವಸರದಲ್ಲಿ ಮುಚ್ಚಿದ್ದೆ. ತಮಾಷೆ ಏನೆಂದರೆ ಆಳದಲ್ಲಿ ಒತ್ತಡವೇ ಮುಚ್ಚಳವನ್ನು ಬಿಗಿ ಹಿಡಿಯುತ್ತದೆ, ಸೋರುವುದು ಜಾಸ್ತಿ ಮೇಲ್ಗಡೆಯ ಒಂದೆರಡು ಮೀಟರ್‌ನಲ್ಲಿ. ಗಾಜಿನ ಹಿಂದೆ ನೀರು ನಿಧಾನ ಏರುವುದನ್ನು ಕಣ್ಣಾರೆ ನೋಡಿದೆ. ಅಂದಿನಿಂದ ಹಿಂದಿನ ರಾತ್ರಿಯೇ ಮುಚ್ಚಿ, ಬೆಳಗ್ಗೆ ಬಕೆಟ್ ನೀರಲ್ಲಿ ಹೌಸಿಂಗ್ ಅದ್ದಿ ನೋಡುತ್ತೇನೆ. ತಲೆಗೆ ಬಟ್ಟೆ ಕಟ್ಟಿಕೊಂಡು.

ಮಳವಳ್ಳಿ ಎಕ್ಸ್‌ಪ್ರೆಸ್:
ಸಮುದ್ರ ಎಲ್ಲ ಇರಲಿ, ನಮ್ಮ ಕಾವೇರಿಯ ಬಿಳಿಮೀನು ಯಾಕೆ ಯಾರೂ ನೀರೊಳಗೆ ಚಿತ್ರಿಸಲ್ಲ? ಭೀಮೇಶ್ವರಿ ಕಡೆ ನಮ್ಮ ತಾತ ಆಳುದ್ದ ಮೀನು ನೋಡಿದ್ದರಂತೆ.

ನೀರುಕಾಗೆ:
ತಾತ ಸುಳ್ಳು ಹೇಳಿಲ್ಲ. ಡುಬ್ಬದ ಮಹಶೀರ್, ಕಿತ್ತಳೆ ರೆಕ್ಕೆ. ಕಾವೇರಿ ಮತ್ತು ಅದರ ಉಪನದಿಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿ ಅತಿ ಗಂಭೀರ ಅನ್ನುವ ಪಟ್ಟಿಗೆ ಸೇರಿಸಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಅದರ ಜಾಗ ಹಿಡಿದಿದ್ದೂ ಒಂದು ಕಾರಣ. ಚಿತ್ರಿಸುವುದು ಕಷ್ಟ ಯಾಕೆಂದರೆ ಮಳೆಗಾಲದಲ್ಲಿ ನೀರು ಕೆಮ್ಮಣ್ಣು, ಉಳಿದ ಕಾಲದಲ್ಲಿ ಮೊಸಳೆ. ಅದು ವನ್ಯಧಾಮದ ಜಾಗ ಬೇರೆ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಆದರೆ ಆಸೆ ನನಗೂ ಇದೆ.

ಕಬ್ಬಿನಗದ್ದೆ:
ಎಲ್ಲರಿಗೂ ನಮಸ್ಕಾರ, ಮೂರು ವಾರ ಆಯ್ತು. ಕ್ಯಾಮೆರಾ ತಗೊಂಡಿಲ್ಲ. ಕುಕ್ಕರಹಳ್ಳಿ ಸಾರ್ ಜೊತೆ ಐದು ದಿನ ಕೂತೆ, ನೀರುಕಾಗೆ ಬಾಜಿಯಲ್ಲಿ ಐದೂ ದಿನ ಸೋತೆ. ಸಯ್ಯಾಜಿರಾವ್ ರೋಡ್ ಅಣ್ಣ ತಮ್ಮ ಹಳೇ ಆಕ್ಷನ್ ಕ್ಯಾಮೆರಾ ಕೊಟ್ಟರು. ಅದನ್ನು ಕಬ್ಬಿನ ಜಲ್ಲೆಗೆ ಕಟ್ಟಿ ನಮ್ಮೂರ ಕೆರೆ ಏರಿ ಮೇಲೆ ಕೂತು ನೀರಿಗೆ ಇಳಿಸಿದೆ. ನಾನು ಇಳಿದಿಲ್ಲ ಅಕ್ಕ, ಆಣೆ. ದಂಡೆಯ ಜೊಂಡಿನ ಹತ್ತಿರ ನೀರ ಮೇಲೆ ಮಳೆ ಹನಿ ಬಿದ್ದ ಹಾಗೆ ಪುಟ್ಟ ಗುಳ್ಳೆ ಏಳುತ್ತಿತ್ತು, ಮಳೆ ಇರಲಿಲ್ಲ. ಅಲ್ಲಿಗೇ ಹಿಡಿದೆ. ನೂರಾರು ಕೆಂಪು ಮರಿಗಳು, ಒಂದು ಚೆಂಡಿನ ಹಾಗೆ. ಎರಡು ನಿಮಿಷದ ವಿಡಿಯೋ ಹಾಕಿದ್ದೇನೆ. ನೀರು ಕಲಕಲು, ಬೈಯಬೇಡಿ.

ಮದ್ದೂರು ವಡೆ:
ಲೇ, ಚೆನ್ನಾಗಿದೆ ಕಣೋ.

ನೀರುಕಾಗೆ:
ಕೊರವ ಮೀನಿನ ಮರಿಗಳು. ಗಾಳಿ ಕುಡಿಯಲು ಒಟ್ಟಿಗೇ ಮೇಲೆ ಬರುತ್ತವೆ, ನೀವು ನೋಡಿದ ಗುಳ್ಳೆ ಅದೇ. ಆದರೆ ನೀವು ಏನು ತೆಗೆದಿದ್ದೀರಿ ಅಂತ ನಿಮಗೇ ಗೊತ್ತಿಲ್ಲ. 1 ನಿಮಿಷ 10 ಸೆಕೆಂಡಿಗೆ ನಿಲ್ಲಿಸಿ, ಕೆಳಗಿನ ಎಡ ಮೂಲೆ ನೋಡಿ. ಮರದ ತುಂಡು ಅಂದುಕೊಂಡಿರಲ್ಲ, ಅದಕ್ಕೆ ಕಣ್ಣಿದೆ.

ಕಬ್ಬಿನಗದ್ದೆ:
ಅಯ್ಯಪ್ಪಾ. ಪೂರ್ತಿ ಹೊತ್ತು ಅಲ್ಲೇ ಇತ್ತಾ ಅದು?

ನೀರುಕಾಗೆ:
ಇತ್ತು. ಮರಿಗಳ ಕಾವಲಿಗೆ ನಿಂತ ದೊಡ್ಡ ಕೊರವ ಅದು. ಜಲ್ಲೆ ಅಲ್ಲಾಡಿದಾಗಲೆಲ್ಲ ಅರ್ಧ ಗೇಣು ಮುಂದೆ ಬರುತ್ತೆ, ಗಮನಿಸಿ. ನಾಳೆ ಅದೇ ಹೊತ್ತಿಗೆ, ಎರಡು ಮಾರು ಹಿಂದೆ ಇಡಿ. ಜಲ್ಲೆ ಕೈಯಲ್ಲಿ ಹಿಡಿಯಬೇಡಿ, ದಂಡೆಗೆ ನೆಟ್ಟು ದೂರ ಹೋಗಿ ಕೂರಿ.